ಒಂದೇ ಥರ ಕಾಣುವ ಆಲ್ಡರ್ ಮರಗಳನ್ನು ಬೇರ್ಪಡಿಸಲು ಯಾವ ಡಿಎನ್‌ಎ ಮಾರ್ಕರ್ ಆರಿಸಬೇಕು?

ಕಳೆದ ತಿಂಗಳು ಒಂದು ಭಾನುವಾರ ಬೆಳಗಾವಿಯ ಹುಡುಗಿಯೊಬ್ಬಳು ಕೋಥ್ರೂಡ್‌ನ ನಮ್ಮ ಮನೆಗೆ ಬಂದಳು. ಇಲ್ಲೇ ಪುಣೆಯಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಬ್ಯಾಗಿನಿಂದ ನಲವತ್ತು ಜಿಪ್ ಕವರ್ ತೆಗೆದು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದೊಂದರಲ್ಲೂ ಒಂದು ಒಣ ಎಲೆ, ಜೊತೆಗೆ ಒಂದು ಹಿಡಿ ಸಿಲಿಕಾ ಜೆಲ್ ಕಾಳು. ಹಿಮಾಚಲದಲ್ಲಿ ಹೊಳೆಯ ದಂಡೆಗುಂಟ ನಡೆದು ತಂದ ಆಲ್ಡರ್ ಎಲೆಗಳು. ಆಲ್ಡರ್ ಅಂದರೆ ಹೊಳೆಯ ದಂಡೆಯಲ್ಲಿ ಬೆಳೆಯುವ ಒಂದು ಬಗೆಯ ಮರ, ವಿಜ್ಞಾನದ ಹೆಸರು ಆಲ್ನಸ್. ಕೆಲವು ಎಲೆ ಆಲ್ನಸ್ ನಿಟಿಡಾ ಜಾತಿಯವು, ಕೆಲವು ಆಲ್ನಸ್ ನೆಪಾಲೆನ್ಸಿಸ್. ಇನ್ನು ಕೆಲವು ಯಾವುದು ಅಂತ ಅವಳಿಗೇ ಗೊತ್ತಿಲ್ಲ.

"ಗೈಡ್ ಬಾರ್‌ಕೋಡಿಂಗ್ ಮಾಡು ಅಂತಾರೆ. ಸೀನಿಯರ್ ಐಎಸ್‌ಎಸ್‌ಆರ್ ಸಾಕು ಅಂತಾನೆ. ಸೀಕ್ವೆನ್ಸಿಂಗ್ ಕಂಪನಿಯವರು ರ್ಯಾಡ್ ಮಾಡಿಸಿ ಅಂತ ಕೊಟೇಶನ್ ಕಳಿಸಿದ್ದಾರೆ. ಅಕ್ಕಾ, ಯಾವುದು ಮಾಡಲಿ?"

ಬಾರ್‌ಕೋಡಿಂಗ್, ಐಎಸ್‌ಎಸ್‌ಆರ್, ರ್ಯಾಡ್ ಮೂರೂ ಡಿಎನ್‌ಎ ನೋಡಿ ಗಿಡಗಳನ್ನು ಬೇರ್ಪಡಿಸುವ ವಿಧಾನಗಳು. ಹೀಗೆ ವ್ಯತ್ಯಾಸ ತೋರಿಸುವ ಡಿಎನ್‌ಎ ಗುರುತಿಗೆ ಮಾರ್ಕರ್ ಅನ್ನುತ್ತಾರೆ. ಈ ವರ್ಷ ಇದೇ ಪ್ರಶ್ನೆ ಕೇಳಿದವರಲ್ಲಿ ಇವಳು ಮೂರನೆಯವಳು. ಧಾರವಾಡ, ವಿಜಯಪುರದ ಕಡೆಯಿಂದ ಇಲ್ಲಿಗೆ ಓದಲು ಬರುವ ನಮ್ಮ ಮಕ್ಕಳಿಗೆ ಇದನ್ನು ಕನ್ನಡದಲ್ಲಿ ಕೂತು ಹೇಳುವವರು ಕಡಿಮೆ. ಅದಕ್ಕೇ ಅವತ್ತು ಮೇಜಿನ ಮುಂದೆ ಕೂತು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಲ್ಡರ್ ನಮ್ಮ ಸಹ್ಯಾದ್ರಿಯ ಮರ ಅಲ್ಲ. ಆದರೆ ಗೋವಾ, ಕೊಂಕಣದ ಮುರುಗಲು ಮತ್ತು ಅದರ ಹತ್ತಿರದ ಬಳಗದ ಮೇಲೆ ಕೆಲಸ ಮಾಡುವವರಿಗೂ ಇದರ ಬಹುಪಾಲು ಲೆಕ್ಕಾಚಾರ ಹಾಗೇ ಹೊಂದುತ್ತದೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಂಚೆ ನಿಮ್ಮ ಪ್ರಶ್ನೆ ಯಾವುದು ಅಂತ ಒಂದು ಸಾಲಲ್ಲಿ ಬರೆಯಿರಿ. "ಈ ಎಲೆ ಯಾವ ಜಾತಿಯದು?" ಅನ್ನುವುದು ಒಂದು ಪ್ರಶ್ನೆ. "ಈ ಮರ ಎರಡು ಜಾತಿಯ ಬೆರಕೆಯಾ?" ಅನ್ನುವುದು ಇನ್ನೊಂದು. "ಇವು ನಿಜಕ್ಕೂ ಎರಡು ಜಾತಿಯಾ, ಇಲ್ಲಾ ಒಂದೇ ಜಾತಿಯ ಎರಡು ರೂಪವಾ?" ಅನ್ನುವುದು ಮೂರನೆಯದು. ಮೂರಕ್ಕೂ ಒಂದೇ ಮಾರ್ಕರ್ ಸಾಲದು. ಬಂದ ಮೂವರಲ್ಲಿ ಇಬ್ಬರಿಗೆ ತಮ್ಮ ಪ್ರಶ್ನೆ ಯಾವುದು ಅಂತಲೇ ಖಚಿತ ಇರಲಿಲ್ಲ. ಅದು ಖಚಿತವಾದ ಮೇಲೆ ಅರ್ಧ ಗೊಂದಲ ತಾನಾಗೇ ಕಳೆಯಿತು.

ಎರಡನೆಯದು, ಮಾರ್ಕರ್ ಯಾವ ಡಿಎನ್‌ಎಯಿಂದ ಬರುತ್ತದೆ ಅನ್ನುವುದು. ಗಿಡದ ಜೀವಕೋಶದಲ್ಲಿ ನ್ಯೂಕ್ಲಿಯಸ್‌ನ ಡಿಎನ್‌ಎ ಬೇರೆ, ಕ್ಲೋರೋಪ್ಲಾಸ್ಟ್‌ನ ಡಿಎನ್‌ಎ ಬೇರೆ. ನ್ಯೂಕ್ಲಿಯಸ್‌ನದು ತಾಯಿ ತಂದೆ ಇಬ್ಬರಿಂದಲೂ ಬರುತ್ತದೆ. ಕ್ಲೋರೋಪ್ಲಾಸ್ಟ್‌ನದು ಹೂ ಬಿಡುವ ಹೆಚ್ಚಿನ ಗಿಡಗಳಲ್ಲಿ ತಾಯಿ ಮರದಿಂದ ಮಾತ್ರ, ಅಂದರೆ ಬೀಜದ ಮೂಲಕ ಮಾತ್ರ. ಆಲ್ಡರ್‌ನ ಪರಾಗ ಗಾಳಿಯಲ್ಲಿ ಬಹಳ ದೂರ ಹೋಗುತ್ತದೆ, ಬೀಜ ಅಷ್ಟು ದೂರ ಹೋಗುವುದಿಲ್ಲ. ಹತ್ತಿರದ ಜಾತಿಗಳು ಪಕ್ಕಪಕ್ಕ ಬೆಳೆದಾಗ ಬೆರಕೆಯೂ ಆಗುತ್ತದೆ. ಯುರೋಪಿನಲ್ಲಿ ಕಪ್ಪು ಆಲ್ಡರ್ ಮತ್ತು ಬೂದು ಆಲ್ಡರ್ ಸೇರಿ ಹುಟ್ಟಿದ ಬೆರಕೆ ಮರಗಳು ಎಲ್ಲರಿಗೂ ಗೊತ್ತಿರುವಂಥವೇ. ಹೀಗೆ ಬೆರೆತಾಗ ಒಂದು ಜಾತಿಯ ಕ್ಲೋರೋಪ್ಲಾಸ್ಟ್ ಇನ್ನೊಂದು ಜಾತಿಯೊಳಗೆ ಸೇರಿ ಅಲ್ಲೇ ಉಳಿದುಬಿಡಬಹುದು. ಆಲ್ಡರ್‌ನ ಕುಟುಂಬದ್ದೇ ಆದ ಬರ್ಚ್ ಮರಗಳಲ್ಲಿ ಯುರೋಪಿನ ತುಂಬ ಇದೇ ಕಂಡುಬಂದಿದೆ.

ನಮ್ಮ ಪುಣೆಯ ಕನ್ನಡ ಮನೆಗಳನ್ನೇ ನೋಡಿ. ಬೀದಿಯಲ್ಲಿ ಆಡುವ ಮಕ್ಕಳ ಮಾತು ಕೇಳಿದರೆ ಎಲ್ಲಾ ಮರಾಠಿಯೇ. ಆ ಮಾತಿನಿಂದ ಅವರು ಎಲ್ಲಿ ಬೆಳೆದರು ಅಂತ ತಿಳಿಯುತ್ತದೆ, ಯಾರ ಮನೆಯವರು ಅಂತ ತಿಳಿಯುವುದಿಲ್ಲ. ಕ್ಲೋರೋಪ್ಲಾಸ್ಟ್ ಎಷ್ಟೋ ಸಲ ಹೀಗೇ ಮರ ಬೆಳೆದ ಜಾಗವನ್ನು ಹೇಳುತ್ತದೆ, ಜಾತಿಯನ್ನಲ್ಲ. ಹತ್ತಿರದ ಜಾತಿಗಳ ವಿಷಯದಲ್ಲಿ ಕ್ಲೋರೋಪ್ಲಾಸ್ಟ್ ಒಂದನ್ನೇ ನಂಬಿ ಯಾರೂ ತೀರ್ಮಾನಕ್ಕೆ ಬರಬೇಡಿ.

ಮೂರನೆಯ ಅಳತೆ, ಇವತ್ತು ನೀವು ಪಡೆದ ಫಲಿತಾಂಶವನ್ನು ನಾಳೆ ಇನ್ನೊಬ್ಬರು ಬೇರೆ ಲ್ಯಾಬಿನಲ್ಲಿ ಪಡೆಯಬಹುದೇ, ನಿಮ್ಮದಕ್ಕೆ ತಮ್ಮದನ್ನು ಹೋಲಿಸಬಹುದೇ ಅನ್ನುವುದು. ನಾಲ್ಕನೆಯದು ಸ್ಯಾಂಪಲ್‌ನ ಸ್ಥಿತಿ. ಹಸಿ ಎಲೆಯಾ, ಸಿಲಿಕಾದಲ್ಲಿ ಒಣಗಿದ್ದಾ, ಐವತ್ತು ವರ್ಷದ ಹಿಂದೆ ಒಣಗಿಸಿ ಹಾಳೆಗೆ ಅಂಟಿಸಿಟ್ಟ ಗಿಡ, ಅಂದರೆ ಹರ್ಬೇರಿಯಂ ಹಾಳೆಯಾ? ಐದನೆಯದು ದುಡ್ಡು, ಸಮಯ, ಕಂಪ್ಯೂಟರ್. ಇವನ್ನು ಕೈಯಲ್ಲಿ ಹಿಡಿದು ಈಗ ಒಂದೊಂದು ಆಯ್ಕೆ ನೋಡೋಣ.

ರಾಪಿಡ್, ಐಎಸ್‌ಎಸ್‌ಆರ್, ಎಎಫ್‌ಎಲ್‌ಪಿ

ರಾಪಿಡ್ 1990ರಲ್ಲಿ ಬಂತು. ಹತ್ತೇ ಅಕ್ಷರದ ಪುಟ್ಟ ಪ್ರೈಮರ್ (ಡಿಎನ್‌ಎಗೆ ಅಂಟಿ ಅಲ್ಲಿಂದ ನಕಲು ಶುರು ಮಾಡಿಸುವ ತುಣುಕು), ಸುಮಾರು 36 ಡಿಗ್ರಿಯ ಕಡಿಮೆ ತಾಪಮಾನದಲ್ಲಿ ಸಿಕ್ಕ ಸಿಕ್ಕ ಕಡೆ ಅಂಟಿಕೊಂಡು ಜೆಲ್ ಮೇಲೆ ಗೆರೆಯಂಥ ಪಟ್ಟಿಗಳನ್ನು ಕೊಡುತ್ತದೆ. ಮೊದಲೇ ಸೀಕ್ವೆನ್ಸ್ ಗೊತ್ತಿರಬೇಕಿಲ್ಲ, ಖರ್ಚೂ ಕಡಿಮೆ. ತೊಂದರೆ ಅಂದರೆ ಡಿಎನ್‌ಎಯ ಗುಣ ಸ್ವಲ್ಪ ಬದಲಾದರೂ, ಯಂತ್ರ ಬದಲಾದರೂ ಪಟ್ಟಿಗಳು ಬದಲಾಗುತ್ತವೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನೇರಳೆ ಬಳಗದ ಮರಗಳ ಮೇಲೆ ಎಂಟು ತಿಂಗಳು ರಾಪಿಡ್ ಮಾಡಿದ್ದೆ. ಆಮೇಲೆ ಲ್ಯಾಬಿಗೆ ಡಿಎನ್‌ಎ ನಕಲು ಮಾಡುವ ಹೊಸ ಪಿಸಿಆರ್ ಯಂತ್ರ ಬಂತು. ಅದೇ ಡಿಎನ್‌ಎ, ಅದೇ ಪ್ರೈಮರ್. ಜೆಲ್ಲನ್ನು ಯುವಿ ಬೆಳಕಿಗೆ ಹಿಡಿದಾಗ ನನ್ನ ವಾದ ಪೂರ್ತಿ ನಿಂತಿದ್ದ ಮೂರು ಪಟ್ಟಿಗಳೇ ಇರಲಿಲ್ಲ. ಎರಡು ಜಾತಿ ಬೇರೆ ಅಂತ ಬರೆದಿಟ್ಟ ಪುಟವನ್ನು ಅವತ್ತೇ ಹೊಡೆದು ಹಾಕಿದೆ. ಇವತ್ತು ಯಾರಾದರೂ ರಾಪಿಡ್‌ನಿಂದ ಜಾತಿ ನಿರ್ಧಾರ ಮಾಡ್ತೀನಿ ಅಂದರೆ ಬೇಡ ಅಂತಲೇ ಹೇಳುತ್ತೇನೆ.

ಐಎಸ್‌ಎಸ್‌ಆರ್ ಅದಕ್ಕಿಂತ ಗಟ್ಟಿ. ಪ್ರೈಮರ್ ಉದ್ದ, ತಾಪಮಾನ ಜಾಸ್ತಿ, ಪಟ್ಟಿಗಳು ಅಷ್ಟಾಗಿ ಅಲುಗಾಡುವುದಿಲ್ಲ. 1995ರಲ್ಲಿ ಬಂದ ಎಎಫ್‌ಎಲ್‌ಪಿ ಇನ್ನೂ ನಂಬಿಕೆಗೆ ಅರ್ಹ, ಆದರೆ ಕೆಲಸ ಜಾಸ್ತಿ, ಒಳ್ಳೆಯ ಡಿಎನ್‌ಎಯೂ ಬೇಕು. ಮೂರಕ್ಕೂ ಒಂದು ಸಮಾನ ಕೊರತೆ ಇದೆ. ಪಟ್ಟಿ ಇದೆ ಅಥವಾ ಇಲ್ಲ, ಅಷ್ಟೇ ಕಾಣುತ್ತದೆ. ಮರದಲ್ಲಿ ಆ ತುಣುಕಿನ ಎರಡೂ ಪ್ರತಿ ಇದೆಯಾ, ಒಂದೇ ಇದೆಯಾ ಅಂತ ಗೊತ್ತಾಗುವುದಿಲ್ಲ. ಬೆರಕೆಯ ಪ್ರಶ್ನೆಗೆ ಬೇಕಿರುವುದೇ ಆ ಮಾಹಿತಿ. ಒಂದೇ ಕಾಡಿನ ಮರಗಳಲ್ಲಿ ಎಷ್ಟು ವೈವಿಧ್ಯ ಇದೆ ಅಂತ ತೋರಿಸುವ ಸಣ್ಣ ಪ್ರಾಜೆಕ್ಟ್‌ಗೆ ಐಎಸ್‌ಎಸ್‌ಆರ್ ನಡೆಯುತ್ತದೆ. ಜಾತಿಯ ಹೆಸರು ಹೇಳುವುದಕ್ಕೆ ಬೇಡ.

ಬಾರ್‌ಕೋಡ್: ಯಾವ ತುಣುಕು ಅನ್ನುವುದೇ ಎಲ್ಲ

"ಬಾರ್‌ಕೋಡಿಂಗ್ ಮಾಡು" ಅನ್ನುವ ಸಲಹೆ ಅರ್ಧ ಸಲಹೆ. ಬಾರ್‌ಕೋಡಿಂಗ್ ಅಂದರೆ ಡಿಎನ್‌ಎಯ ಒಂದೆರಡು ನಿಗದಿತ ತುಣುಕುಗಳನ್ನು ಓದಿ ಜಾತಿ ಗುರುತಿಸುವುದು. 2009ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಭೂಮಿಯ ಮೇಲಿನ ಗಿಡಗಳಿಗೆಲ್ಲ ಆರ್‌ಬಿಸಿಎಲ್ ಮತ್ತು ಮ್ಯಾಟ್‌ಕೆ ಎಂಬ ಎರಡು ಕ್ಲೋರೋಪ್ಲಾಸ್ಟ್ ತುಣುಕುಗಳನ್ನು ಶಿಫಾರಸು ಮಾಡಿತು. ಅವರು ಪರೀಕ್ಷಿಸಿದ ಗಿಡಗಳಲ್ಲಿ 72 ಶೇಕಡಾ ಜಾತಿಗಳನ್ನು ಈ ಜೋಡಿ ಗುರುತಿಸಿತ್ತು. ಆ ಸಂಖ್ಯೆ ನೋಡಿ ತುಂಬಾ ಜನ ಕಣ್ಣು ಮುಚ್ಚಿಕೊಂಡು ಇವೆರಡನ್ನೇ ಮಾಡಿಸುತ್ತಾರೆ.

ಆಲ್ಡರ್‌ಗೆ ಬಂದರೆ ಲೆಕ್ಕ ಬೇರೆಯೇ. 2010ರಲ್ಲಿ ಚೀನಾದ ಸಂಶೋಧಕರು 26 ಆಲ್ಡರ್ ಜಾತಿಗಳ 131 ಸ್ಯಾಂಪಲ್ ತೆಗೆದುಕೊಂಡು ನಾಲ್ಕು ತುಣುಕುಗಳನ್ನು ಹೋಲಿಸಿದರು. ಜಾತಿ ಗುರುತಿಸುವ ಶಕ್ತಿ ಆರ್‌ಬಿಸಿಎಲ್‌ಗೆ 10 ಶೇಕಡಾ, ಮ್ಯಾಟ್‌ಕೆಗೆ ಸುಮಾರು 31. ಟಿಆರ್‌ಎನ್‌ಎಚ್-ಪಿಎಸ್‌ಬಿಎ ಅನ್ನುವ ಇನ್ನೊಂದು ಕ್ಲೋರೋಪ್ಲಾಸ್ಟ್ ತುಣುಕು ಸುಮಾರು 64ಕ್ಕೆ ಏರಿತು. ನ್ಯೂಕ್ಲಿಯಸ್‌ನ ಐಟಿಎಸ್ ಎಂಬ ತುಣುಕು ಸುಮಾರು 77. ಕೊನೆಗೆ ಅವರು ಹೇಳಿದ್ದು ಐಟಿಎಸ್ ಮತ್ತು ಟಿಆರ್‌ಎನ್‌ಎಚ್-ಪಿಎಸ್‌ಬಿಎ ಜೋಡಿಯೇ ಆಲ್ಡರ್‌ಗೆ ಸರಿ ಅಂತ. ಎಲ್ಲ ಸೇರಿಸಿ ನೋಡಿದಾಗ 26ರಲ್ಲಿ 23 ಜಾತಿಗಳಿಗೆ ತಮ್ಮದೇ ಆದ ಗುರುತು ಸಿಕ್ಕಿತ್ತು. ರೂಪದಲ್ಲಿ ಜನರನ್ನು ಯಾವಾಗಲೂ ತಬ್ಬಿಬ್ಬು ಮಾಡುವ ಜಪಾನಿ ಆಲ್ಡರ್, ತೈವಾನ್‌ನ ಫಾರ್ಮೋಸಾನಾ, ಅಮೆರಿಕದ ಮ್ಯಾರಿಟಿಮಾ ಮೂರೂ ಬೇರೆಬೇರೆಯಾಗಿ ನಿಂತವು. ಕೆಲಸ ಶುರು ಮಾಡುವ ಮುಂಚೆ ಇಂಥ ಒಂದು ಪ್ರಬಂಧ ಹುಡುಕಿ ಓದುವುದಕ್ಕೆ ಒಂದು ಸಂಜೆ ಸಾಕು. ಆರ್‌ಬಿಸಿಎಲ್‌ಗೆ ಸುಮ್ನೆ ಸುರಿಯುವ ಸಾವಿರಾರು ರೂಪಾಯಿ ಉಳಿಯುತ್ತದೆ.

ಐಟಿಎಸ್‌ಗೂ ಅದರದೇ ತಕರಾರುಗಳಿವೆ. ಇದರ ನೂರಾರು ಪ್ರತಿಗಳು ಒಂದೇ ಜೀವಕೋಶದಲ್ಲಿರುತ್ತವೆ. ಬೆರಕೆ ಮರದಲ್ಲಿ ತಾಯಿಯದೂ ತಂದೆಯದೂ ಒಟ್ಟಿಗೆ ಓದಿಬಂದು ಸೀಕ್ವೆನ್ಸ್ ಚಾರ್ಟ್‌ನಲ್ಲಿ ಒಂದೇ ಜಾಗದಲ್ಲಿ ಎರಡು ಬಣ್ಣದ ಶಿಖರ ಕಾಣುತ್ತದೆ. ಅದನ್ನು ಕೊಳಕು ರೀಡ್ (ಯಂತ್ರದ ಒಂದು ಸಲದ ಓದು) ಅಂತ ಎಸೆಯಬೇಡಿ. ಅದೇ ನಿಮ್ಮ ಸುಳಿವು ಇರಬಹುದು. ಆದರೆ ಹಳೆಯ ಬೆರಕೆಗಳಲ್ಲಿ ತಲೆಮಾರು ಕಳೆದಂತೆ ಈ ಪ್ರತಿಗಳು ಒಂದರ ಥರ ಇನ್ನೊಂದಾಗಿ, ಒಬ್ಬರ ಗುರುತು ಪೂರ್ತಿ ಅಳಿಸಿಹೋಗಬಹುದು. ಹಾಗಾಗಿ ಎರಡು ಶಿಖರ ಇಲ್ಲ ಅಂದ ಮಾತ್ರಕ್ಕೆ ಬೆರಕೆ ಅಲ್ಲ ಅನ್ನುವಂತಿಲ್ಲ. ಇನ್ನೊಂದು ವಿಷಯ: ಎಲೆಯೊಳಗೆ ವಾಸಿಸುವ ಶಿಲೀಂಧ್ರದ ಐಟಿಎಸ್ ಕೂಡ ಇದೇ ಪ್ರೈಮರ್‌ಗೆ ಬಂದುಬಿಡುತ್ತದೆ. ಪ್ರತಿ ಸೀಕ್ವೆನ್ಸನ್ನೂ ಬ್ಲಾಸ್ಟ್ ಎಂಬ ಆನ್‌ಲೈನ್ ಹುಡುಕಾಟದಲ್ಲಿ ಹಾಕಿ ಅದು ಆಲ್ಡರ್‌ನದೇ ಅಂತ ನೋಡಿದ ಮೇಲೆಯೇ ಮುಂದೆ ಹೋಗಿ.

ಖರ್ಚಿನ ಲೆಕ್ಕ ಹೀಗೆ. ನಲವತ್ತು ಮರ, ಎರಡು ತುಣುಕು, ಎರಡೂ ಕಡೆಯಿಂದ ಓದಿಸಿದರೆ 160 ರೀಡ್. ಒಂದಕ್ಕೆ 400 ರೂಪಾಯಿ ಅಂತ ಹಿಡಿದರೂ 64,000. ವಿದ್ಯಾರ್ಥಿಗೆ ಇದು ಸಣ್ಣ ಮೊತ್ತ ಅಲ್ಲ. ಮೊದಲು ಹನ್ನೆರಡು ಮರ ಮಾಡಿಸಿ, 48 ರೀಡ್. ಅದರಲ್ಲೇ ಎರಡು ಗುಂಪು ಸ್ಪಷ್ಟವಾಗಿ ಬೇರೆಯಾದರೆ ಉಳಿದದ್ದಕ್ಕೆ ಐಟಿಎಸ್ ಒಂದೇ ಸಾಕಾಗಬಹುದು.

ಮೈಕ್ರೋಸ್ಯಾಟಲೈಟ್: ಬೆರಕೆ ಹಿಡಿಯಬೇಕಾದರೆ

ಎಸ್‌ಎಸ್‌ಆರ್ ಅಥವಾ ಮೈಕ್ರೋಸ್ಯಾಟಲೈಟ್ ನನಗೆ ಬಹಳ ಇಷ್ಟದ ಮಾರ್ಕರ್. ಡಿಎನ್‌ಎಯಲ್ಲಿ ಸಿಎಸಿಎಸಿಎ ಅಂತ ತೊದಲಿದ ಹಾಗೆ ಬರುವ ಜಾಗಗಳಿರುತ್ತವೆ. ಎಷ್ಟು ಸಲ ತೊದಲಿದೆ ಅನ್ನುವುದು ಮರದಿಂದ ಮರಕ್ಕೆ ಬೇರೆ. ಆ ಉದ್ದವನ್ನು ಅಳೆಯುವುದೇ ಇದರ ಕೆಲಸ. ಒಂದು ಜಾತಿಯಲ್ಲಿ ಆ ತುಣುಕು 150 ಅಕ್ಷರ, ಇನ್ನೊಂದರಲ್ಲಿ 158 ಇದೆ ಅಂತಿಟ್ಟುಕೊಳ್ಳಿ. ನೇರ ಬೆರಕೆ ಮರದಲ್ಲಿ 150 ಒಂದು ಶಿಖರ, 158 ಇನ್ನೊಂದು ಶಿಖರ, ಎರಡೂ ಕಣ್ಣೆದುರೇ ಕಾಣುತ್ತವೆ. ಇಂಥ ಹತ್ತು ಹನ್ನೆರಡು ಜಾಗ ಒಟ್ಟಿಗೆ ನೋಡಿದರೆ ಮರ ಯಾರ ಮಗು ಅಂತ ಹೇಳಬಹುದು.

ಕಪ್ಪು ಆಲ್ಡರ್‌ಗೆಂದು ಮಾಡಿದ ಪ್ರೈಮರ್‌ಗಳು ಆಗಲೇ ಪ್ರಕಟವಾಗಿವೆ. ಹತ್ತಿರದ ಜಾತಿಗಳಲ್ಲೂ ಅವುಗಳಲ್ಲಿ ಕೆಲವು ಕೆಲಸ ಮಾಡುತ್ತವೆ, ಎಲ್ಲವೂ ಅಲ್ಲ. ಹಿಮಾಲಯದ ಜಾತಿಗಳಿಗೆ ಬಳಸುವ ಮುಂಚೆ ಎಂಟು ಸ್ಯಾಂಪಲ್‌ನಲ್ಲಿ ಪರೀಕ್ಷಿಸಿ. ಪ್ರೈಮರ್ ಅಂಟದೆ ಹೋದರೆ ಇರುವ ಪ್ರತಿಯೂ ಕಾಣುವುದಿಲ್ಲ, ಲೆಕ್ಕ ತಪ್ಪುತ್ತದೆ. ಇನ್ನೊಂದು ಮಿತಿ: 150 ಅಕ್ಷರ ಎರಡು ಜಾತಿಯಲ್ಲೂ ಕಾಕತಾಳೀಯವಾಗಿ ಬಂದಿರಬಹುದು. ಆದ್ದರಿಂದ ದೂರದ ಜಾತಿಗಳ ವಂಶವೃಕ್ಷ ಬರೆಯಲು ಇದು ಸಾಧನ ಅಲ್ಲ. ಹತ್ತಿರದವುಗಳ ನಡುವಿನ ಕೊಡುಕೊಳ್ಳುವಿಕೆಗೆ ಮಾತ್ರ.

ಎಸ್‌ಎಸ್‌ಆರ್‌ನಿಂದ ಇನ್ನೊಂದು ಅನುಕೂಲ ಇದೆ, ಅದನ್ನು ಯುರೋಪಿನ ಆಲ್ಡರ್ ಕಥೆಯೇ ಹೇಳುತ್ತದೆ. ಕಪ್ಪು ಆಲ್ಡರ್‌ನಲ್ಲಿ 28 ಕ್ರೋಮೋಸೋಮ್. ಆದರೆ ಸ್ಪೇನ್, ಪೋರ್ಚುಗಲ್, ಮೊರಾಕೋ ಕಡೆಯ ಮತ್ತು ಪಶ್ಚಿಮ ಬಾಲ್ಕನ್‌ನ ಕೆಲವು ಮರಗಳಲ್ಲಿ ಅದರ ಎರಡರಷ್ಟಿತ್ತು. ಹೊರಗಿನಿಂದ ನೋಡಿದರೆ ಬಹಳ ಹೋಲಿಕೆ. ಎಲೆಯ ಅಳತೆ, ಕ್ರೋಮೋಸೋಮ್ ಎಣಿಕೆ, ಫ್ಲೋ ಸೈಟೋಮೆಟ್ರಿ (ಜೀವಕೋಶದಲ್ಲಿ ಎಷ್ಟು ಡಿಎನ್‌ಎ ಇದೆ ಅಂತ ಅಳೆಯುವುದು), ಮೈಕ್ರೋಸ್ಯಾಟಲೈಟ್ ನಾಲ್ಕನ್ನೂ ಸೇರಿಸಿ 2017ರಲ್ಲಿ ಅವನ್ನು ಆಲ್ನಸ್ ಲುಸಿಟಾನಿಕಾ, ಆಲ್ನಸ್ ರೋಹ್ಲೆನೆ ಎಂಬ ಎರಡು ಹೊಸ ಜಾತಿಗಳೆಂದು ಹೆಸರಿಸಿದರು. ನೂರಾರು ವರ್ಷ ಎಲ್ಲರೂ ಕಪ್ಪು ಆಲ್ಡರ್ ಅಂತಲೇ ಕರೆದ ಮರಗಳು! ನಿಮ್ಮ ಸ್ಯಾಂಪಲ್‌ನಲ್ಲಿ ಬೇರೆಬೇರೆ ಜಾಗಗಳಲ್ಲಿ ಮೂರು ನಾಲ್ಕು ಶಿಖರ ಬರುತ್ತಿದ್ದರೆ ಯಂತ್ರದ ದೋಷ ಅನ್ನುವ ಮುಂಚೆ ಕ್ರೋಮೋಸೋಮ್ ದುಪ್ಪಟ್ಟಾಗಿದೆಯಾ ಅಂತ ಯೋಚಿಸಿ. ಫ್ಲೋ ಸೈಟೋಮೆಟ್ರಿಗೆ ಹಸಿ ಎಲೆ ಇದ್ದರೆ ಒಳ್ಳೆಯದು. ಅದಕ್ಕೇ ಎಲೆ ತರಲು ಹೊರಡುವ ಮುಂಚೆಯೇ ತೀರ್ಮಾನಿಸಬೇಕು.

ರ್ಯಾಡ್ ಮತ್ತು ಜೀನ್ ಹಿಡಿಯುವ ಕಿಟ್‌ಗಳು

ರ್ಯಾಡ್‌ನ ಒಂದು ಬಗೆಯಾದ ಡಿಡಿ-ರ್ಯಾಡ್ ವಿಧಾನ 2012ರಲ್ಲಿ ಬಂತು. ಡಿಎನ್‌ಎಯನ್ನು ಎರಡು ಕಿಣ್ವಗಳಿಂದ ಕತ್ತರಿಸಿ, ಒಂದು ಅಳತೆಯ ತುಣುಕುಗಳನ್ನು ಮಾತ್ರ ಆರಿಸಿ ಓದುತ್ತಾರೆ. ಒಂದೆರಡು ಜಾಗದ ಬದಲು ಸಾವಿರಾರು ಜಾಗದ ವ್ಯತ್ಯಾಸ ಒಮ್ಮೆಲೇ ಸಿಗುತ್ತದೆ, ಅದೂ ಬಹುಪಾಲು ನ್ಯೂಕ್ಲಿಯಸ್‌ನಿಂದ. "ಇವು ಒಂದೇ ಜಾತಿಯಾ, ಎರಡಾ?" ಅನ್ನುವ ಪ್ರಶ್ನೆಗೆ ಈಗ ಕೈಗೆಟಕುವುದರಲ್ಲಿ ಇದೇ ಬಲವಾದ ಉತ್ತರ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಕೊಟೇಶನ್‌ನಲ್ಲಿ ಕಾಣುವ ಬೆಲೆಯೇ ಪೂರ್ತಿ ಬೆಲೆ ಅಲ್ಲ. ಒಂದು ಸ್ಯಾಂಪಲ್‌ಗೆ ಕೆಲವು ಸಾವಿರ ಆಗುತ್ತದೆ, ಅದು ಸರಿ. ಅದರ ಜೊತೆಗೆ ತುಂಡಾಗದ ಒಳ್ಳೆಯ ಡಿಎನ್‌ಎ ಬೇಕು. ಆಲ್ಡರ್ ಎಲೆಯಲ್ಲಿ ಟ್ಯಾನಿನ್ ಜಾಸ್ತಿ. ಎಲೆಯಿಂದ ಡಿಎನ್‌ಎ ಬಿಡಿಸುವ ಸಿಟಿಎಬಿ ದ್ರಾವಣದಲ್ಲಿ ಪಿವಿಪಿ, ಮರ್ಕ್ಯಾಪ್ಟೋಎಥೆನಾಲ್ ಎಂಬ ರಾಸಾಯನಿಕಗಳನ್ನು ಸರಿಯಾಗಿ ಹಾಕದಿದ್ದರೆ ಟ್ಯೂಬ್ ತಳದಲ್ಲಿ ಬಿಳಿ ಡಿಎನ್‌ಎ ಬದಲು ಚಹಾ ಬಣ್ಣದ ಅಂಟು ಕೂರುತ್ತದೆ. ಅದನ್ನು ಕಿಣ್ವ ಕತ್ತರಿಸುವುದೇ ಇಲ್ಲ. ಆಮೇಲೆ ಬರುವ ಡೇಟಾವನ್ನು ಸ್ಟ್ಯಾಕ್ಸ್ ಅಥವಾ ಐಪೈರ್ಯಾಡ್ ಎಂಬ ಸಾಫ್ಟ್‌ವೇರ್‌ನಲ್ಲಿ ಓಡಿಸಲು ಸರ್ವರ್ ಬೇಕು, ಲಿನಕ್ಸ್ ಕಮಾಂಡ್ ಬರಬೇಕು, ಯಾವ ಮಿತಿ ಇಟ್ಟರೆ ಫಲಿತಾಂಶ ಹೇಗೆ ಬದಲಾಗುತ್ತದೆ ಅಂತ ಹಲವು ಸಲ ಓಡಿಸಿ ನೋಡಬೇಕು. ಆರು ತಿಂಗಳ ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಇದು ಕಷ್ಟ. ಪಿಎಚ್‌ಡಿ ಮಾಡುವವರಿಗೆ, ಪಕ್ಕದಲ್ಲಿ ಗೊತ್ತಿರುವವರೊಬ್ಬರು ಇದ್ದರೆ, ಖಂಡಿತ ಮಾಡಿ.

ಹಳೆಯ ಹರ್ಬೇರಿಯಂ ಹಾಳೆಗಳ ಡಿಎನ್‌ಎ ಚೂರುಚೂರಾಗಿರುತ್ತದೆ. ರ್ಯಾಡ್‌ಗೆ ಅದು ಒಗ್ಗುವುದಿಲ್ಲ. ಅಂಥದ್ದಕ್ಕೆ ಆಂಜಿಯೋಸ್ಪರ್ಮ್ಸ್-353 ಎಂಬ ಕಿಟ್ ಇದೆ. ಹೂ ಬಿಡುವ ಗಿಡಗಳೆಲ್ಲದರಲ್ಲೂ ಸಿಗುವ 353 ನ್ಯೂಕ್ಲಿಯರ್ ಜೀನ್‌ಗಳನ್ನು ಗಾಳದ ಹಾಗೆ ಹಿಡಿದು ತರುತ್ತದೆ. ಬೇರೆ ದೇಶದವರು ಇದೇ 353 ಜೀನ್ ಓದಿದ್ದರೆ ಅವರ ಡೇಟಾ ಜೊತೆ ನಿಮ್ಮದನ್ನು ನೇರವಾಗಿ ಸೇರಿಸಬಹುದು, ರ್ಯಾಡ್‌ನಲ್ಲಿ ಅದು ಅಷ್ಟು ಸುಲಭ ಅಲ್ಲ. ಕಿಟ್ ದುಬಾರಿ, ನಾಲ್ಕು ಜನ ಸೇರಿ ಹಂಚಿಕೊಂಡರೆ ಹಗುರ. ಇಲ್ಲಿ ಕೋರೆಗಾಂವ್ ರಸ್ತೆಯಲ್ಲಿ ಬೊಟಾನಿಕಲ್ ಸರ್ವೆಯ ಪಶ್ಚಿಮ ವಲಯದ ಹರ್ಬೇರಿಯಂ ಇದೆ. ಅಲ್ಲಾಗಲಿ ಬೇರೆಲ್ಲೇ ಆಗಲಿ, ಹಾಳೆಯಿಂದ ಎಲೆಯ ಚೂರು ಕತ್ತರಿಸುವ ಮುಂಚೆ ಬರಹದಲ್ಲಿ ಅನುಮತಿ ಪಡೆಯಿರಿ. ಆ ಹಾಳೆ ಮತ್ತೆ ಬೆಳೆಯುವುದಿಲ್ಲ.

ಪೂರ್ತಿ ಕ್ಲೋರೋಪ್ಲಾಸ್ಟ್ ಜೀನೋಮ್ ಓದಿಸುವುದು ಈಗ ಅಗ್ಗವಾಗಿದೆ, ತುಂಬಾ ಜನ ಮಾಡಿಸುತ್ತಿದ್ದಾರೆ. ಅಕ್ಷರ ಲಕ್ಷಕ್ಕೂ ಜಾಸ್ತಿ ಇದ್ದರೂ ಅದು ತಾಯಿಯ ಕಡೆಯ ಒಂದೇ ಕಥೆ. ಮೇಲೆ ಹೇಳಿದ ಮರಾಠಿ ಮಾತಿನ ತೊಂದರೆ ಇಲ್ಲೂ ಹಾಗೇ ಇದೆ.

ಹಾಗಾದರೆ ಯಾರಿಗೆ ಯಾವುದು

ಎಲೆಯ ಹೆಸರು ಗೊತ್ತಾದರೆ ಸಾಕು, ಕೈಯಲ್ಲಿ ದುಡ್ಡು ಕಡಿಮೆ ಅನ್ನುವವರು ಐಟಿಎಸ್ ಮತ್ತು ಟಿಆರ್‌ಎನ್‌ಎಚ್-ಪಿಎಸ್‌ಬಿಎ ಮಾಡಿಸಿ. ಎರಡೂ ಒಂದೇ ಉತ್ತರ ಕೊಟ್ಟರೆ ಧೈರ್ಯವಾಗಿ ಬರೆಯಿರಿ. ನ್ಯೂಕ್ಲಿಯಸ್‌ನದು ಒಂದು ಜಾತಿ, ಕ್ಲೋರೋಪ್ಲಾಸ್ಟ್‌ನದು ಇನ್ನೊಂದು ಅಂತ ಬಂದರೆ ಆ ಮರವನ್ನು ಪಕ್ಕಕ್ಕೆ ಇಡಿ. ಅಲ್ಲಿಂದ ಬೆರಕೆಯ ಪ್ರಶ್ನೆ ಶುರುವಾಯಿತು, ಅದಕ್ಕೆ ಎಸ್‌ಎಸ್‌ಆರ್ ಬೇಕು. ಜಾತಿಯ ಗಡಿಯನ್ನೇ ಪ್ರಶ್ನಿಸುವವರು ರ್ಯಾಡ್ ಕಡೆ ಹೋಗಿ. ಎರಡು ಕಡೆಯೂ ಕಾಲಿಡಬೇಕಾದರೆ ಎಲ್ಲ ಮರಗಳಿಗೂ ಐಟಿಎಸ್, ಅದರಲ್ಲಿ ಅನುಮಾನ ಬಂದ ಹದಿನೈದಿಪ್ಪತ್ತಕ್ಕೆ ಮಾತ್ರ ರ್ಯಾಡ್, ಜೊತೆಗೆ ಅನುಮಾನ ಇಲ್ಲದ ಎರಡೂ ಜಾತಿಯ ಕೆಲವು ಮರ. ಅವು ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ, ಅಲ್ವಾ?

ಒಂದು ಜಾತಿಗೆ ಒಂದೇ ಮರದ ಎಲೆ ತಂದು ಮಾತ್ರ ಬರಬೇಡಿ. ಬೇರೆಬೇರೆ ಕಣಿವೆಗಳಿಂದ ಕನಿಷ್ಠ ಐದಾರು ಮರ ತನ್ನಿ. ಇಲ್ಲದಿದ್ದರೆ ನೀವು ಕಂಡ ವ್ಯತ್ಯಾಸ ಜಾತಿಯದಾ, ಬರೀ ಮರದ್ದಾ ಅಂತ ಹೇಳಲಾಗದು. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ವಿದೇಶದ ಲ್ಯಾಬಿಗೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮ ನೋಡಿಕೊಳ್ಳಿ.

ಅವತ್ತು ಆ ಹುಡುಗಿ ಮತ್ತು ನಾನು ಮೇಜಿನ ಮೇಲೆ ಕವರ್‌ಗಳನ್ನು ಮೂರು ಗುಂಪು ಮಾಡಿದೆವು. ಕೆಲವು ಕವರ್‌ಗಳಲ್ಲಿ ನೀಲಿ ಸಿಲಿಕಾ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಎಲೆಯ ತೇವ ಹೀರಿ ಸಾಕಾದ ಗುರುತು. ಅವಕ್ಕೆ ಹೊಸ ಕಾಳು ಹಾಕಿದೆವು. ಕಾಯಿಯ ಸಮೇತ ಕೊಂಬೆ ಒಣಗಿಸಿ ಹಾಳೆಗೆ ಅಂಟಿಸಿದ್ದು, ಜಾಗ ಬರೆದಿದ್ದು, ಹೆಸರಿನ ಬಗ್ಗೆ ಅನುಮಾನ ಇಲ್ಲದ್ದು ಒಂದು ಕಡೆ. ಅದರಿಂದ ಎರಡೂ ಜಾತಿಯ ನಾಲ್ಕು ನಾಲ್ಕು, ಅನುಮಾನದ ಗುಂಪಿನಿಂದ ನಾಲ್ಕು, ಒಟ್ಟು ಹನ್ನೆರಡನ್ನು ಅವಳು ಮೊದಲ ಐಟಿಎಸ್‌ಗೆ ಆರಿಸಿದಳು. ಒಂಬತ್ತು ಕವರ್‌ಗಳಲ್ಲಿ ಬರೀ ಎಲೆ ಇತ್ತು. ಕೊಂಬೆಯೂ ಇಲ್ಲ, ಫೋಟೋನೂ ಇಲ್ಲ, ಯಾವ ಮರದ್ದು ಅಂತ ಗುರುತೂ ಇಲ್ಲ. ಅವುಗಳ ಡಿಎನ್‌ಎ ಏನೇ ಹೇಳಿದರೂ ವಾಪಸ್ ಹೋಗಿ ನೋಡಲು ಮರವೇ ಇಲ್ಲವಲ್ಲ. ಅವನ್ನು ಒಂದು ಬಿಸ್ಕೆಟ್ ಡಬ್ಬಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ, ಸೆಪ್ಟೆಂಬರ್‌ನಲ್ಲಿ ಅದೇ ಹೊಳೆಯ ದಂಡೆಗೆ ಮತ್ತೆ ಹೋಗುವ ಟಿಕೆಟ್ ನೋಡಲು ಕೂತಳು.